ಹುಡುಕುವ ನಾಯಿ ಕಾಣೆಯಾದ ದಿನ

ಆ ನಾಯಿ ಇದ್ದದ್ದು ಕಂಪ್ಯೂಟರಿನ ಒಳಗೆ. ಮಕ್ಕಳೇ, ನೀವು ಅದನ್ನು ನೋಡಿಲ್ಲ. ನಿಮಗೆ ಬುದ್ಧಿ ಬರುವ ಹೊತ್ತಿಗೆ ಅಂಥ ಕಂಪ್ಯೂಟರುಗಳು ಗುಜರಿಗೆ ಹೋಗಿದ್ದವು. ಒಂದು ಕಡತ ಎಲ್ಲಿಟ್ಟಿದ್ದೇವೆಂದು ಮರೆತುಹೋದರೆ ‘ಸರ್ಚ್’ ಒತ್ತಬೇಕಿತ್ತು. ಆಗ ಪರದೆಯ ಎಡಗಡೆ ಒಂದು ಪಟ್ಟಿ ತೆರೆದು, ಅದರ ಬುಡದಲ್ಲಿ ಹಳದಿ ನಾಯಿಮರಿಯೊಂದು ಬಾಲ ಅಲ್ಲಾಡಿಸುತ್ತ ಕೂರುತ್ತಿತ್ತು. ಮೇಲಿನ ಚೌಕದಲ್ಲಿ ಕಡತದ ಹೆಸರು ಬರೆದರೆ ಸಾಕು, ಒಂದು ಪುಸ್ತಕದ ಹಾಳೆ ಮಗುಚುತ್ತ ಎಲ್ಲಿದ್ದರೂ ಹುಡುಕಿ ತೋರಿಸುತ್ತಿತ್ತು. ಮನುಷ್ಯರನ್ನು ಕೇಳುವುದಕ್ಕಿಂತ ಆ ನಾಯಿಯನ್ನು ಕೇಳುವುದು ನನಗೆ ಸುಲಭವಾಗಿತ್ತು. ಅದು ಬೈಯುತ್ತಿರಲಿಲ್ಲ, ಎದುರು ಮಾತು ಆಡುತ್ತಿರಲಿಲ್ಲ.

ನಾನು ಓದಿದ್ದು ಹಾಲಾಡಿ ಕಡೆಯ ಊರಿನ ಶಾಲೆಯಲ್ಲಿ, ಏಳನೇ ಕ್ಲಾಸಿನವರೆಗೆ. ನಿಮ್ಮ ಅಜ್ಜ ಬಸ್ಸಿನ ಕಂಡಕ್ಟರ್ ಆಗಿದ್ದರು. ಅವರು ಹೋದ ಮೇಲೆ, ತೊಂಬತ್ತೇಳರಲ್ಲಿ, ನಿಮ್ಮ ಅಮ್ಮನ ಶಾಲೆ ನಿಲ್ಲಬಾರದೆಂದು ಕುಂದಾಪುರಕ್ಕೆ ಹೋಗಿ ಕನ್ನಡ ಟೈಪಿಂಗ್ ಕಲಿತೆ. ಆಮೇಲೆ ದಸ್ತಾವೇಜು ಬರೆಯುವವರೊಬ್ಬರ ಹತ್ತಿರ ಕೆಲಸಕ್ಕೆ ಸೇರಿದೆ. ಊರವರೆಲ್ಲ ಅವರನ್ನು ‘ರೈಟ್ರು’ ಎನ್ನುತ್ತಿದ್ದರು. ಜಾಗದ ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ, ವೀಲುನಾಮೆ ಎಲ್ಲವನ್ನೂ ಅವರು ಮೊದಲು ಕೈಯಲ್ಲಿ ಬರೆಯುತ್ತಿದ್ದರು, ನಾನು ಅದನ್ನು ನೋಡಿ ಟೈಪ್ ಮಾಡುತ್ತಿದ್ದೆ. ಮೊದಲು ಟೈಪ್‌ರೈಟರ್ ಇತ್ತು, ಕೆಲವು ವರ್ಷಗಳ ಮೇಲೆ ಕಂಪ್ಯೂಟರ್ ಬಂತು. ಕಂಪ್ಯೂಟರ್ ಬಂದ ದಿನವೇ ರೈಟರು ಒಂದು ನಿಯಮ ಮಾಡಿದರು. ಕಡತಕ್ಕೆ ಜಾಗ ಕೊಡುವವರ ಹೆಸರನ್ನೇ ಇಡಬೇಕು, ಇಂಗ್ಲಿಷ್ ಅಕ್ಷರದಲ್ಲಿ. ಸುಲಭದ ನಿಯಮ. ಅದನ್ನು ನಾನು ಪಾಲಿಸುತ್ತಿದ್ದೇನೆಂದೇ ಅವರು ತಿಳಿದಿದ್ದರು.

ನೋಂದಣಿ ಕಚೇರಿ ನಮ್ಮ ಕೋಣೆಯ ಹತ್ತಿರವೇ ಇತ್ತು. ಅಲ್ಲಿ ರುಜು ಹಾಕಲು ಬಂದ ಹೆಂಗಸರನ್ನು ‘ಗಂಡನ ಹೆಸರೇನು’ ಎಂದು ಕೇಳಿದರೆ ಹಳಬರು ಯಾರೂ ಬಾಯಿ ಬಿಡುತ್ತಿರಲಿಲ್ಲ. ಪಕ್ಕದವರ ಮುಖ ನೋಡುತ್ತಿದ್ದರು. ಪಕ್ಕದವರು ಹೇಳುತ್ತಿದ್ದರು. ಯಾರೂ ಇಲ್ಲದಿದ್ದರೆ ರೈಟರು “ನಾನ್ ಹೇಳ್ತೆ” ಎಂದು ಮುಂದೆ ಬರುತ್ತಿದ್ದರು. ಅದೂ ಅವರ ಕೆಲಸದ ಒಂದು ಭಾಗವೇ ಆಗಿಹೋಗಿತ್ತು.

ನಾನು ಹೇಳಹೊರಟ ದಿನ ನನ್ನ ಬಸ್ಸು ತಡವಾಯಿತು. ಕೋಣೆಗೆ ಕಾಲಿಡುವಾಗಲೇ ಬೆಂಚಿನ ಮೇಲೆ ಜನ ಕೂತಿದ್ದರು. ಬೈಂದೂರಿನ ಕಡೆಯ ಹೆಂಗಸೊಬ್ಬರು, ನನ್ನದೇ ಪ್ರಾಯ, ಇಸ್ತ್ರಿ ಹಾಕಿದ ಸೀರೆ ಉಟ್ಟು ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಕವರು ಹಿಡಿದುಕೊಂಡಿದ್ದರು. ಪಕ್ಕದಲ್ಲಿ ಅವರ ಅಣ್ಣಯ್ಯ, ಮುಂಬಯಿಯಲ್ಲಿ ಹೋಟೆಲು ಇಟ್ಟವರು. ಸಾಕ್ಷಿಗೆ ಬಂದ ನೆರೆಮನೆಯ ಇಬ್ಬರು ಬಾಗಿಲ ಹೊರಗೆ ನಿಂತಿದ್ದರು. ರೈಟರು ನನ್ನ ಕುರ್ಚಿಯಲ್ಲಿ ಕೂತು ಮೌಸನ್ನು ಮೇಜಿಗೆ ಕುಟ್ಟುತ್ತಿದ್ದರು.

“ಬಂದ್ರಾ ಅಕ್ಕ? ನಿಮ್ ನಾಯಿ ಓಡಿ ಹೋಯ್ತ್ ಕಾಣಿ!”

ವಿಷಯ ಇಷ್ಟು. ಆ ಹೆಂಗಸು ಗಂಡ ಹೋದ ಮೇಲೆ ತವರಿಗೆ ಬಂದು, ಕೊನೆಯವರೆಗೆ ತಾಯಿಯನ್ನು ನೋಡಿಕೊಂಡವರು. ಆ ಮನೆ ಪಾಲಿನಲ್ಲಿ ಅಣ್ಣಯ್ಯನಿಗೆ ಬಂದಿತ್ತು. ಅದನ್ನು ತಂಗಿಗೆ ದಾನಪತ್ರ ಮಾಡಿ ಕೊಡುತ್ತೇನೆಂದು ಅವರು ಒಪ್ಪಿದ್ದರು. ಚೌತಿಗೆ ಮೊದಲೇ ಕರಡು ತಯಾರಾಗಿ, ಮುಂಬಯಿಗೆ ಹೋಗಿ, ಫೋನಿನಲ್ಲಿ ತಿದ್ದುಪಡಿಯಾಗಿ, ಸರ್ವೆ ನಂಬರು, ಗಡಿ, ಬಾವಿಗೆ ಹೋಗುವ ದಾರಿ ಎಲ್ಲ ಸರಿಯಾಗಿ ಕಂಪ್ಯೂಟರಿನಲ್ಲಿ ಕೂತಿತ್ತು. ಅಣ್ಣಯ್ಯ ಒಂದು ಮದುವೆಗೆಂದು ಮೂರು ದಿನಕ್ಕೆ ಬಂದಿದ್ದರು. ಆ ಸಂಜೆ ಐದಕ್ಕೆ ಅವರ ಗಾಡಿ. ಅಚ್ಚು ಹಾಕಿದ ಪ್ರತಿಯನ್ನು ತರಲು ಹೇಳಿದ್ದರೆ, ಅದನ್ನು ಮುಂಬಯಿಯಲ್ಲೇ ಬಿಟ್ಟು ಬಂದಿದ್ದರು. ಮೊದಲಿಂದ ಟೈಪ್ ಮಾಡೋಣವೆಂದರೆ ರೈಟರ ಕೈಬರಹವೂ ಇಲ್ಲ, ಗಡಿಯ ವಿವರವೂ ಇಲ್ಲ. ಆ ಕಡತ ಸಿಗಲೇಬೇಕು.

ರೈಟರು ಆ ವರ್ಷದ ಕಡತಗಳ ಪಟ್ಟಿಯಲ್ಲಿ ಅಣ್ಣಯ್ಯನ ಹೆಸರು ಹುಡುಕಿ ಮುಗಿಸಿದ್ದರು, ಸಿಕ್ಕಿರಲಿಲ್ಲ. ‘ಸರ್ಚ್’ ಒತ್ತಿದರೆ ಎಡಗಡೆಯ ಪಟ್ಟಿ ತೆರೆಯಿತು, ಆದರೆ ಖಾಲಿ. ನಾಯಿಯೂ ಇಲ್ಲ, ಹೆಸರು ಬರೆಯುವ ಚೌಕವೂ ಇಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ. ನಾನು ಮುಚ್ಚಿ ತೆರೆದೆ. ಕಂಪ್ಯೂಟರನ್ನು ನಿಲ್ಲಿಸಿ ಮತ್ತೆ ಹಾಕಿದೆ. ಅದು ಎಚ್ಚರಾಗಲು ತೆಗೆದುಕೊಂಡ ಹೊತ್ತಿನಲ್ಲಿ ಅಣ್ಣಯ್ಯ ಮೂರು ಸಲ ವಾಚು ನೋಡಿದರು. ಮತ್ತೆ ಖಾಲಿ.

ಇಲ್ಲಿ ನಾನು ಮಾಡಿದ ಪೆದ್ದು ಕೆಲಸ ಹೇಳಬೇಕು. ನಾಯಿ ಹೋಯಿತೆಂದು ಎಲ್ಲರೂ ಗಡಿಬಿಡಿ ಮಾಡುತ್ತಿರುವಾಗ, ಜಾಗ ಕೊಡುವವರ ಹೆಸರೇನೆಂದು ನಾನು ಕೇಳಲೇ ಇಲ್ಲ. ತಂಗಿ ಅವರನ್ನು ‘ಅಣ್ಣಯ್ಯ’ ಎನ್ನುತ್ತಿದ್ದರು, ರೈಟರೂ ‘ಅಣ್ಣಯ್ಯ’ ಎನ್ನುತ್ತಿದ್ದರು. ಚೌತಿಯ ಮೊದಲು ಟೈಪ್ ಮಾಡಿದ್ದು ಯಾರಿಗೆ ನೆನಪಿರುತ್ತದೆ? ಗಂಡಸರ ಮುಂದೆ ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಮುಂದಿನ ಎರಡೂವರೆ ಗಂಟೆಯ ರಾಮಾಯಣ ಇರುತ್ತಿರಲಿಲ್ಲ. ಈಗ ನೆನೆದರೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಕಂಪ್ಯೂಟರ್ ರಿಪೇರಿಯವನ ಅಂಗಡಿ ಬ್ರಹ್ಮಾವರದಲ್ಲಿ. ರೈಟರು ಫೋನ್ ಮಾಡಿದರೆ ಅವನು ಆ ದಿನ ಬೈಂದೂರಿನಲ್ಲಿ ಯಾವುದೋ ಬಟ್ಟೆ ಅಂಗಡಿಯ ಕೆಲಸದಲ್ಲಿದ್ದ.

“ಇಗ ಬಪ್ಪುಕಾತಿಲ್ಲೆ ರೈಟ್ರೆ. ವಿಂಡೋಸ್ ಸಿಡಿ ಇತ್ತಲ್ದಾ, ಅದ್ ಹಾಕಿ. ಐದ್ ಮಿನಿಟಿನ್ ಕೆಲ್ಸ.”

ಕಪಾಟಿನಲ್ಲಿ ಸಿಡಿಯ ಡಬ್ಬಿ ಇತ್ತು, ಒಳಗೆ ಸಿಡಿ ಇರಲಿಲ್ಲ. ರೈಟರಿಗೆ ಏನೋ ಹೊಳೆಯಿತು. ಬಸ್ರೂರಿನ ಮನೆಗೆ ಫೋನ್ ಹಚ್ಚಿದರು. ಅವರ ಹೆಂಡತಿಯ ದನಿ ದೊಡ್ಡದು, ಕೋಣೆಗೆಲ್ಲ ಕೇಳಿತು.

“ತೊಂಡೆ ಚಪ್ರಕ್ಕ್ ಕಟ್ಟಿತ್ತಲೆ! ಹಕ್ಕಿ ಹೆದ್ರತ್ತ್ ಅಂದೇಳಿ ನೀವೇ ತಂದ್ ಕೊಟ್ಟದ್ದ್!”

ಅಣ್ಣಯ್ಯ ಕಿಸಕ್ಕೆಂದರು. ರೈಟರು ಯಾರ ಮುಖವನ್ನೂ ನೋಡದೆ ಸ್ಕೂಟರಿನ ಕೀ ತೆಗೆದುಕೊಂಡು ಹೊರಟರು.

ಕೋಣೆಯಲ್ಲಿ ನಾನು, ಆ ಅಣ್ಣ ತಂಗಿ. ನಾನು ಪರದೆ ನೋಡುತ್ತಾ ಕೂತೆ, ಅಲ್ಲಿ ಏನೂ ಇಲ್ಲದಿದ್ದರೂ. ಅಣ್ಣಯ್ಯ ಎದ್ದು ಬಾಗಿಲವರೆಗೆ ಹೋಗಿ ಬಂದು ಕೂತರು.

“ಅರೆ ಯಾರ್, ಮುಂಬೈಯಂಗಾದ್ರೆ ಇದ್ ಅರ್ಧ ಗಂಟಿ ಕೆಲ್ಸ. ಇವತ್ತ್ ಆಯ್ಲಿಲ್ಲ ಅಂದ್ರೆ ಬಿಡ್ ಮಾರಾಯ್ತಿ. ಮುಂದಿನ್ ಸಲ ಬಂದಾಗ ಮಾಡುವ. ಮನಿ ಎಂತ ಓಡಿ ಹೋತ್ತಾ?”

“ಮನಿ ಓಡುದಿಲ್ಲೆ ಅಣ್ಣಯ್ಯ. ಓಡುದ್ ನೀನ್.”

“ನಾನ್ ಕೊಡ್ತಿಲ್ಲೆ ಅಂದೇಳಿ ಹೇಳ್ದ್ನಾ?”

“ಕೊಡ್ತೆ ಅಂಬ್ದನ್ನೇ ಆರ್ ವರ್ಷದಿಂದ ಕೇಂತಾ ಇದ್ದೆ.”

ಅವರು ಸಿಗರೇಟು ಸೇದಲು ಹೊರಗೆ ಹೋದ ಮೇಲೆ ತಂಗಿ ನನ್ನ ಕಡೆ ಬಗ್ಗಿ ಮೆಲ್ಲಗೆ ಹೇಳಿದರು. “ಅಣ್ಣಯ್ಯ ಒಳ್ಳೆಯವ್ನೇ. ಅತ್ತಿಗಿ ಮನ್ಸಲ್ಲ್ ಬ್ಯಾರೆ ಇತ್ತ್. ಆ ಜಾಗದಂಗೆ ರೂಮ್ ಕಟ್ಟಿ ಬಾಡಿಗಿಗ್ ಕೊಡ್ಕ್ ಅಂಬ್ರ್. ಇವತ್ತ್ ಇವ್ನ್ ಹೋದ್ರೆ ಆಯ್ತ್, ಮತ್ತೆ ನಾನ್ ಎಲ್ಲಿಗ್ ಹೋಪ್ದ್?”

ಏನಾದರೂ ಸಮಾಧಾನ ಹೇಳಬೇಕಿತ್ತು. “ಸಿಕ್ಕತ್ತ್, ಸಿಕ್ಕತ್ತ್” ಎಂದೆ, ಅಷ್ಟೆ. ಅದೂ ಅವರಿಗೆ ಕೇಳಿತೋ ಇಲ್ಲವೋ.

ರೈಟರು ಬಂದರು. ಸಿಡಿಯ ನಡುವಿನ ತೂತಿನಲ್ಲಿ ದಾರ ಹಾಗೆಯೇ ಇತ್ತು. ಹೊಳೆಯುವ ಕಡೆ ಗೀರು ತುಂಬಿ, ಒಂದು ಅಂಚಿಗೆ ಹಕ್ಕಿಯ ಹಿಕ್ಕೆ ಒಣಗಿ ಅಂಟಿತ್ತು. ಹೆದರಬೇಕಾದ ಹಕ್ಕಿಗಳು ಅದರ ಮೇಲೇ ಕೂತಿದ್ದವೆಂದು ಕಾಣುತ್ತದೆ. ರೈಟರು ಪಂಚೆಯ ತುದಿಯಲ್ಲಿ ಒರೆಸಿ ಕೊಟ್ಟರು. ಕಂಪ್ಯೂಟರ್ ಅದನ್ನು ಒಳಗೆ ತೆಗೆದುಕೊಂಡು ಅಕ್ಕಿ ಬೀಸುವ ಹಾಗೆ ಸದ್ದು ಮಾಡಿತು. ಮತ್ತೆ ಹೊರಗೆ ತಳ್ಳಿತು. ಮತ್ತೊಮ್ಮೆ ಹಾಕಿದೆ, ಮತ್ತೆ ಬೀಸಿತು, ಮತ್ತೆ ತಳ್ಳಿತು.

“ತೊಂಡಿಕಾಯಿ ಎಂತಾದ್ರೂ ಹೊರ್ಗ್ ಬಂತಾ ಕಾಣಿ,” ಎಂದರು ಅಣ್ಣಯ್ಯ.

ಮತ್ತೆ ಬೈಂದೂರಿಗೆ ಫೋನು. ಇನ್ನೊಂದು ದಾರಿ ಇದೆ, ಆದರೆ ಹೇಳಿದ ಹಾಗೆ ಒಂದೊಂದೇ ಅಕ್ಷರ ಹೊಡೆಯಬೇಕು ಎಂದ ರಿಪೇರಿಯವನು. ರೈಟರು ಫೋನನ್ನು ನನ್ನ ಕೈಗೆ ಕೊಟ್ಟರು. ಫೋನಿನಲ್ಲಿ ಮಾತಾಡುವುದೆಂದರೆ ನನಗೆ ಆಗಲೂ ಹೆದರಿಕೆ. ಕೆನ್ನೆಗೂ ಭುಜಕ್ಕೂ ನಡುವೆ ಅದನ್ನು ಒತ್ತಿ ಹಿಡಿದು ಕೂತೆ.

“ಸ್ಟಾರ್ಟ್ ಒತ್ತಿ ಅಕ್ಕ. ‘ರನ್’ ಅಂದೇಳಿ ಇತ್ತಾ? ಅದ್ರ ಮೇಲ್ ಒತ್ತಿ. ಇಗ ಹೊಡಿನಿ. ಆರ್, ಇ, ಜಿ, ಎಸ್, ವಿ, ಆರ್. ಆಯ್ತಾ? ಮೂರು, ಎರಡು. ಒಂದ್ ಸ್ಪೇಸ್ ಬಿಡಿ. ಜೆ, ಎಸ್, ಸಿ, ಆರ್, ಐ, ಪಿ, ಟಿ. ಡಾಟ್. ಡಿ, ಎಲ್, ಎಲ್.”

ಎಂಟರ್ ಒತ್ತಿದೆ. ಟಣ್ ಎಂದು ಕೆಂಪು ಗುರುತಿನ ಚೌಕ ಬಂತು. ನಾನು ಸ್ಪೇಸ್ ಬಿಟ್ಟಿರಲಿಲ್ಲ. ಅವನು ಬಟ್ಟೆ ಅಂಗಡಿಯ ಯಾರಿಗೋ ಏನೋ ಉತ್ತರ ಕೊಟ್ಟು, ನನ್ನನ್ನು ಕಾಯಿಸಿ, ಮತ್ತೆ ಮೊದಲಿಂದ ಹೇಳಿದ. ಈ ಸಲ ಎರಡು ಡಾಟ್ ಬಿದ್ದವು. ಮತ್ತೆ ಟಣ್. ಹಿಂದಿನಿಂದ ರೈಟರು “ನಿಧಾನ, ನಿಧಾನ” ಎನ್ನುತ್ತಿದ್ದರು, ಅದನ್ನು ಎಷ್ಟು ಅವಸರದಲ್ಲಿ ಹೇಳುತ್ತಿದ್ದರೆಂದರೆ ನನ್ನ ಬೆರಳು ಇನ್ನೂ ತಪ್ಪುತ್ತಿತ್ತು. ಮೂರನೆಯ ಸಲ ಬೇರೆ ಚೌಕ ಬಂತು.

“ಸಕ್ಸೀಡೆಡ್ ಅಂದೇಳಿ ಇತ್ತಾ?”

“ಇತ್ತ್.”

“ಹಾಂ! ಆಯ್ತ್ ಹಾಂಗಾರೆ. ಹೋದ ವಾರ ನಾನ್ ವೈರಸ್ ತೆಗ್ದದ್ದಲ್ದಾ? ಅದ್ರೊಟ್ಟಿಗೆ ಇದೂ ಹೋಯ್ತ್ ಕಾಣತ್ತ್.”

ಅಂದರೆ ನಾಯಿಯನ್ನು ಓಡಿಸಿದವನು ಅವನೇ! “ಆಯ್ತ್” ಎಂದು ಫೋನ್ ಇಟ್ಟೆ. ಸರ್ಚ್ ಒತ್ತಿದೆ. ಚೌಕ ಬಂತು, ಬುಡದಲ್ಲಿ ಹಳದಿ ನಾಯಿ ಏನೂ ಆಗದವರ ಹಾಗೆ ಕೂತು ಬಾಲ ಅಲ್ಲಾಡಿಸಿತು. ತಂಗಿ ಕವರಿನಿಂದ ತಮ್ಮ ಫೋಟೊಗಳನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಹಾಂ, ಅಣ್ಣಯ್ಯನ ಹೆಸ್ರ್ ಹೊಡಿನಿ ಅಕ್ಕ,” ಎಂದು ರೈಟರು ಆ ಹೆಸರನ್ನು ಜೋರಾಗಿ ಹೇಳಿದರು.

ಅದು ನಿಮ್ಮ ಅಜ್ಜನ ಹೆಸರು.

ನಮ್ಮ ಕಡೆ ಆ ಹೆಸರಿನವರು ಮನೆಗೊಬ್ಬರು ಇದ್ದಾರೆ. ಆದರೆ ನನ್ನ ಬೆರಳು ಅಲ್ಲೇ ನಿಂತಿತು. ನಿಮ್ಮ ಅಜ್ಜನನ್ನು ಇಡೀ ಬಸ್ಸು ಹೆಸರು ಹಿಡಿದು ಕರೆಯುತ್ತಿತ್ತು. ಮೀನಿನ ಬುಟ್ಟಿಯವರು ಕರೆಯುತ್ತಿದ್ದರು, ಶಾಲೆಗೆ ಹೋಗುವ ಮಕ್ಕಳು ಕರೆಯುತ್ತಿದ್ದರು. ಕರೆಯದವಳು ನಾನೊಬ್ಬಳೇ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಎಂದು ನನ್ನನ್ನು ಹೆತ್ತ ಅಬ್ಬಿ ಹೇಳಿಕೊಟ್ಟಿದ್ದರು. ನಾನು ಒಂದು ಸಲವೂ ಹೇಳಲಿಲ್ಲ, ಆದರೂ ಅವರು ಬೇಗ ಹೋದರು. ಹೋದವರಿಗೆ ಇನ್ನೆಂಥ ಆಯಸ್ಸು, ಈಗಾದರೂ ಹೇಳಬಹುದಲ್ಲ ಎಂದು ನಿಮ್ಮ ಅಮ್ಮ ಎಷ್ಟೋ ಸಲ ಕೇಳಿದ್ದಾಳೆ. ಬಾಯಿಗೆ ಬರುವುದಿಲ್ಲ, ಅಷ್ಟೆ.

ಹಾಗಾದರೆ ದಸ್ತಾವೇಜಿನಲ್ಲಿ ಆ ಹೆಸರು ಬಂದರೆ ಹೇಗೆ ಟೈಪ್ ಮಾಡುತ್ತಿದ್ದೆ ಎನ್ನುತ್ತೀರಿ. ರೈಟರು ಬರೆದದ್ದನ್ನು ನೋಡಿ ಹೊಡೆಯುತ್ತಿದ್ದೆ. ಅದು ನಕಲು. ಸರ್ವೆ ನಂಬರು ಹೊಡೆದ ಹಾಗೆ ಅದನ್ನೂ ಹೊಡೆಯುತ್ತಿದ್ದೆ. ಆದರೆ ಕಡತಕ್ಕೆ ಇಡುವ ಹೆಸರು ಹಾಗಲ್ಲ. ಅದು ಮುಂದೆ ಬೇಕಾದಾಗ ಹೆಸರು ಹಿಡಿದು ಕರೆಯಲಿಕ್ಕೆಂದೇ ಇಡುವುದು. ಅದು ನನ್ನಿಂದ ಆಗುತ್ತಿರಲಿಲ್ಲ. ಅದಕ್ಕೆ ಆ ಹೆಸರಿನವರು ಯಾರು ಬಂದರೂ ಅವರ ಕಡತಕ್ಕೆ ‘ಅವರು’ ಎಂದು ಹೆಸರಿಟ್ಟು, ಪಕ್ಕದಲ್ಲಿ ಒಂದು ಸಂಖ್ಯೆ ಹಾಕುತ್ತಿದ್ದೆ. ಕಂಪ್ಯೂಟರ್ ಬಂದ ದಿನದಿಂದ ಹಾಗೆಯೇ. ರೈಟರಿಗೆ ಹೇಳಿರಲಿಲ್ಲ. ಹೇಳಲು ನಾಚಿಕೆ. ಬೇಕಾದ ಕಡತ ನಾನೇ ತೆಗೆದು ಕೊಡುತ್ತಿದ್ದುದರಿಂದ ಅವರಿಗೆ ತಿಳಿಯಲೂ ಇಲ್ಲ.

“ಎಂತ ಆಯ್ತ್ ಅಕ್ಕ? ಹೊಡಿನಿ!”

ನಾನು ಕೈ ಹಿಂದೆ ತೆಗೆದೆ. ರೈಟರು ಬಗ್ಗಿ ತಾವೇ ಒಂದೇ ಬೆರಳಿನಲ್ಲಿ ಆ ಹೆಸರು ಹೊಡೆದರು. ನಾಯಿ ಪುಸ್ತಕ ಮಗುಚಿ ಹಾಕಿತು. ಏನೂ ಸಿಗಲಿಲ್ಲವೆಂದು ಬಂತು. ಇನ್ನೊಮ್ಮೆ ಹೊಡೆದರು. ಏನೂ ಇಲ್ಲ.

“ಸಾಕ್ ರೈಟ್ರೆ,” ಎಂದು ಅಣ್ಣಯ್ಯ ಎದ್ದರು. “ಗಂಟಿ ಒಂದ್ ಆಯ್ತ್. ನಂಗೆ ಊಟ ಮಾಡಿ ಬ್ಯಾಗ್ ಕಟ್ಕ್. ಮುಂದಿನ್ ಸಲ ಕಾಂಬ.”

ತಂಗಿ ಕೈಯಲ್ಲಿದ್ದ ಫೋಟೊಗಳನ್ನು ಒಂದರ ಮೇಲೊಂದು ಜೋಡಿಸಿ, ಮತ್ತೆ ಕವರಿನೊಳಗೆ ಹಾಕಿ, ಕವರಿನ ಬಾಯಿ ಮಡಚಿದರು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

“ಆ ಹೆಸ್ರಲ್ಲ್ ಇಲ್ಲೆ,” ಎಂದೆ.

ರೈಟರು ತಿರುಗಿದರು. “ಎಂತ?”

“ಆ ಹೆಸ್ರಲ್ಲ್ ನಾನ್ ಇಡ್ಲಿಲ್ಲ.”

“ಮತ್ತ್ ಯಾರ್ ಹೆಸ್ರಲ್ಲ್ ಇಟ್ರಿ ಮಾರಾಯ್ತಿ? ಜಾಗ ಅವ್ರದ್ದೇ ಅಲ್ದಾ? ಬೆಳಿಗ್ಗಿಂದ ನಾನ್ ಬಸ್ರೂರಿಗ್ ಹೋಯಿ, ಹಕ್ಕಿ ಹಿಕ್ಕಿ ಒರ್ಸಿ...”

ತಂಗಿ ಒಂದು ಗಳಿಗೆ ನನ್ನ ಮುಖ ನೋಡಿದರು. “ರೈಟ್ರೆ, ಅವ್ರನ್ ಬೈಬೇಡಿ,” ಎಂದರು. “ಅವ್ರ ಗಂಡನ ಹೆಸ್ರ್ ಅದೇ ಆಯ್ಕ್.”

ನಾನು ತಲೆ ತಗ್ಗಿಸಿ ಕೀಬೋರ್ಡನ್ನು ಹತ್ತಿರ ಎಳೆದುಕೊಂಡು ‘ಅವರು’ ಎಂದು ಹೊಡೆದೆ. ನಾಯಿ ಮತ್ತೆ ಪುಸ್ತಕ ಮಗುಚಿತು. ಕಡತಗಳು ಒಂದೊಂದಾಗಿ ಬಂದು ಪರದೆ ತುಂಬಿತು, ಪಟ್ಟಿ ಕೆಳಗಿನವರೆಗೂ ಹೋಯಿತು. ಒಟ್ಟು ಅರವತ್ತಮೂರು.

“ಇದೆಂತದ್ ಅಕ್ಕ,” ರೈಟರು ಕನ್ನಡಕ ತೆಗೆದು ಮತ್ತೆ ಹಾಕಿದರು. “ಅರ್ವತ್ಮೂರ್ ‘ಅವ್ರ್’!”

ಅಣ್ಣಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕದ್ದು ಒಳ್ಳೆಯದೇ ಆಯಿತು, ಮತ್ತೆ ಬೆಂಚಿನ ಮೇಲೆ ಕೂತರು. ಅವುಗಳನ್ನು ತಾರೀಕಿನ ಪ್ರಕಾರ ಜೋಡಿಸಿ, ಚೌತಿಗೆ ಮೊದಲಿನವನ್ನು ಒಂದೊಂದಾಗಿ ತೆರೆದೆ. ಏಳನೆಯದರಲ್ಲಿ ಬಾವಿಗೆ ಹೋಗುವ ದಾರಿ ಕಂಡಿತು. ಆ ದಾರಿ ಕಂಡಾಗ ನನ್ನ ಕಣ್ಣು ಮಂಜಾಯಿತು. ಇಡೀ ಬೆಳಗ್ಗೆ ಬೆಳ್ಳಗಿನ ಪರದೆ ನೋಡಿದ್ದಕ್ಕೋ ಏನೋ.

ಅಚ್ಚು ಹಾಕಿ ಓಡಿದೆವು. ನೋಂದಣಿ ಕಚೇರಿಯಲ್ಲಿ ಅಣ್ಣಯ್ಯ ರುಜು ಹಾಕಿ ಹೆಬ್ಬೆರಳು ಒತ್ತಿದರು. ತಂಗಿಯ ಸರದಿ ಬಂದಾಗ ಒಳಗಿದ್ದವರು ಹೆಸರು ಕೇಳಿದರು, ತಂಗಿ ಹೇಳಿದರು. ಗಂಡನ ಹೆಸರು ಕೇಳಿದರು. ರೈಟರು ಜೆರಾಕ್ಸಿಗೆ ಹೋಗಿದ್ದರು, ಅಣ್ಣಯ್ಯ ಹೊರಗೆ ಫೋನಿನಲ್ಲಿದ್ದರು. ತಂಗಿ ತಿರುಗಿ ನನ್ನನ್ನು ನೋಡಿದರು. ನಾನು ಟೈಪ್ ಮಾಡಿದ್ದೇ, ಗೊತ್ತಿತ್ತು. ಹೇಳಿದೆ. “ಜೋರಾಗಿ ಹೇಳಿ,” ಎಂದರು ಒಳಗಿನವರು. ಆ ಕಚೇರಿಯ ಮೆಟ್ಟಿಲು ಎಷ್ಟು ವರ್ಷದಿಂದ ಹತ್ತುತ್ತಿದ್ದರೂ, ಅಲ್ಲಿ ನಾನು ಜೋರಾಗಿ ಆಡಿದ ಮೊದಲ ಮಾತು ಅದು, ಇನ್ನೊಬ್ಬರ ಗಂಡನ ಹೆಸರು.

ಕೆಲಸ ಮುಗಿದು ಹೊರಗೆ ಬಂದಾಗ ನಾಲ್ಕು ಗಂಟೆ ದಾಟಿತ್ತು. ಅಣ್ಣಯ್ಯ ರಿಕ್ಷಾಕ್ಕೆ ಕೈ ತೋರಿಸುತ್ತ ರಸ್ತೆಗೆ ಇಳಿದಿದ್ದರು. ತಂಗಿ ಕವರನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. “ಇನ್ನ್ ಓಡ್ಲಿ,” ಎಂದು ನನಗೆ ಹೇಳಿದರು.

ಮರುದಿನ ರೈಟರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. “ನಾಳೆ ನಿಮ್ಗೂ ನಂಗೂ ಎಂತಾದ್ರೂ ಆದ್ರೆ ಈ ‘ಅವ್ರ’ನ್ನ ಯಾರ್ ಹುಡ್ಕುದ್ ಅಕ್ಕ? ಅರ್ವತ್ಮೂರಕ್ಕೂ ಸರಿ ಹೆಸ್ರ್ ಹಾಕಿ,” ಎಂದಷ್ಟೇ ಹೇಳಿ ಪೇಪರು ಓದಲು ಕೂತರು. ಅವರು ಹೇಳಿದ್ದು ಸರಿ. ಅದಕ್ಕೇ ಇನ್ನೂ ರೇಗಿತು.

ಹಳೆಯ ಹೆಸರು ಅಳಿಸು, ಹೊಸದು ಹೊಡೆ, ಎಂಟರ್ ಒತ್ತು. ಮೊದಲನೆಯದಕ್ಕೆ ಒಂದು ಚಾ ಕುಡಿದು ಮುಗಿಸುವಷ್ಟು ಹೊತ್ತು ಹಿಡಿಯಿತು. ಐದಾರು ಆಗುವವರೆಗೆ ಎಂಟರ್ ಒತ್ತುವಾಗ ಬೇರೆ ಕಡೆ ನೋಡುತ್ತಿದ್ದೆ. ಇಪ್ಪತ್ತು ದಾಟಿದ ಮೇಲೆ ಬೆರಳಿಗೆ ಅದು ಬರೀ ಗುಂಡಿಗಳು. ನಲವತ್ತರ ಹೊತ್ತಿಗೆ ಸೊಂಟ ನೋಯಲು ಶುರುವಾಗಿ, ಇಷ್ಟು ಜನಕ್ಕೆ ಒಂದೇ ಹೆಸರಿಟ್ಟ ತಂದೆತಾಯಂದಿರ ಮೇಲೆಲ್ಲ ಸಿಟ್ಟು ಬಂತು. ಸಂಜೆ ಮುಗಿಯಿತು. ಸರಿಯಾಗಿದೆಯೋ ನೋಡೋಣವೆಂದು ಸರ್ಚ್ ತೆರೆದು, ಆ ಹೆಸರು ಹೊಡೆದು, ನಾಯಿಯನ್ನು ಬಿಟ್ಟೆ. ಒಂದು ಸಲ ಕರೆದದ್ದಕ್ಕೆ ಅರವತ್ತಮೂರು ಜನ ಬಂದರು. ಎಲ್ಲರ ಸರ್ವೆ ನಂಬರೂ ನನಗೆ ಗೊತ್ತಿತ್ತು.

“ಎಲ್ಲ ಸಿಕ್ತಾ ಅಕ್ಕ?” ಎಂದರು ರೈಟರು ಪೇಪರಿನ ಹಿಂದಿನಿಂದ.

“ಸಿಕ್ತ್,” ಎಂದು ಮುಚ್ಚಿದೆ.

ಮುಂದಿನ ತಿಂಗಳು ನಾಯಿ ಮತ್ತೆ ಮಾಯವಾಯಿತು. ರಿಪೇರಿಯವನು ಮತ್ತೆ ವೈರಸ್ ತೆಗೆದಿದ್ದ! ಆ ಸಲ ನಾನು ಯಾರಿಗೂ ಫೋನ್ ಮಾಡಲಿಲ್ಲ. ಆರ್, ಇ, ಜಿ, ಎಸ್, ವಿ, ಆರ್, ಮೂರು, ಎರಡು, ಆಮೇಲೆ ಒಂದು ಸ್ಪೇಸ್. ಆ ಸಾಲು ನನಗೆ ಈಗಲೂ ಬಾಯಿಪಾಠ, ಯಾವಾಗ ಕೇಳಿದರೂ ಹೇಳುತ್ತೇನೆ. ಅಜ್ಜನ ಹೆಸರು ಬೇಕಾದರೆ ನಿಮ್ಮ ಅಮ್ಮನನ್ನು ಕೇಳಿ.